ಜಪಾನಿನ ಶಾಲೆಯಲ್ಲಿ ಪರದೇಶದ ಗುರು

ಒಂದು ಭಾಷೆಯನ್ನು ಕಲಿಯಬೇಕಾದರೆ ಅದನ್ನು ಹುಟ್ಟಿನಿಂದ ಆಡುವವರ ಬಾಯಿಂದಲೇ ಕಲಿಯಬೇಕೆಂಬ ಅಭಿಪ್ರಾಯ ಬಹುಕಾಲದಿಂದ ಪ್ರಚಲಿತವಾಗಿದೆ. ಪುಸ್ತಕದಲ್ಲಿ ಅಕ್ಷರವಿರುತ್ತದೆ, ಉಚ್ಚಾರವಿರುವುದಿಲ್ಲ. ವ್ಯಾಕರಣದಲ್ಲಿ ನಿಯಮವಿರುತ್ತದೆ, ಮಾತಿನ ಏರಿಳಿತವಿರುವುದಿಲ್ಲ. ಈ ಕೊರತೆಯನ್ನು ತುಂಬಿಕೊಳ್ಳುವುದಕ್ಕಾಗಿ ಇಂಗ್ಲಿಷ್ ಮಾತನಾಡುವ ದೇಶಗಳಿಂದ ಸಾವಿರಾರು ಮಂದಿ ತರುಣ ತರುಣಿಯರನ್ನು ಬರಮಾಡಿಕೊಂಡು, ನಗರದ ಶಾಲೆಗಳಿಗೆ ಮಾತ್ರವಲ್ಲದೆ ಬೆಟ್ಟದ ತಪ್ಪಲಿನ ಹಳ್ಳಿಗಳಿಗೂ ಸಣ್ಣ ಸಣ್ಣ ದ್ವೀಪಗಳಿಗೂ ಕಳುಹಿಸಿಕೊಟ್ಟ ದೇಶ ಜಪಾನು. ಹೀಗೆ ಬಂದ ಉಪಾಧ್ಯಾಯರು ಶಾಲೆಯಲ್ಲಿ ದಿನವಿಡೀ ಏನು ಮಾಡುತ್ತಾರೆ? ಅವರಿಂದ ವಿದ್ಯಾರ್ಥಿಗಳಿಗೆ ದೊರೆಯುವುದೇನು? ಉಚ್ಚಾರವನ್ನು ತಿದ್ದುವುದಷ್ಟೇ ಅವರ ಕೆಲಸವಾದರೆ ಅದಕ್ಕೆ ಒಂದು ಧ್ವನಿಮುದ್ರಣ ಯಂತ್ರವೇ ಸಾಲದೆ? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಅಂತಹ ಒಬ್ಬ ಉಪಾಧ್ಯಾಯರ ಒಂದು ದಿನವನ್ನು ಬೆಳಗಿನಿಂದ ಸಂಜೆಯವರೆಗೆ ಪರಿಶೀಲಿಸಿ ನೋಡುವುದು ಒಳ್ಳೆಯದು.

ಅದಕ್ಕೆ ಮೊದಲು ಈ ಪದ್ಧತಿಯ ಹಿನ್ನೆಲೆಯನ್ನು ಸ್ವಲ್ಪ ತಿಳಿದಿರಬೇಕು. ಜಪಾನು ಎರಡು ಶತಮಾನಗಳಿಗೂ ಮಿಕ್ಕಿ ಹೊರಗಿನವರಿಗೆ ಬಾಗಿಲು ಮುಚ್ಚಿಕೊಂಡಿದ್ದ ದೇಶ. ಡಚ್ಚರು ಮತ್ತು ಚೀನೀಯರು ಮಾತ್ರ ನಾಗಸಾಕಿ ಬಂದರಿನಲ್ಲಿ ಕಟ್ಟುನಿಟ್ಟಾದ ನಿಯಮಗಳಿಗೆ ಒಳಪಟ್ಟು ವ್ಯಾಪಾರ ಮಾಡಬಹುದಾಗಿತ್ತು. ಅಂತಹ ಕಾಲದಲ್ಲಿ, ಎಂದರೆ 1848ರಲ್ಲಿ, ರಾನಲ್ಡ್ ಮೆಕ್‌ಡೊನಾಲ್ಡ್ ಎಂಬ ತರುಣನು ತಿಮಿಂಗಿಲ ಬೇಟೆಯ ಹಡಗಿನಿಂದ ಇಳಿದು, ಸಣ್ಣ ದೋಣಿಯೊಂದರಲ್ಲಿ ಒಬ್ಬನೇ ಉತ್ತರ ಜಪಾನಿನ ದ್ವೀಪವೊಂದನ್ನು ಸೇರಿದನು. ಅಧಿಕಾರಿಗಳು ಅವನನ್ನು ಹಿಡಿದು ನಾಗಸಾಕಿಗೆ ಸಾಗಿಸಿ ಬಂಧನದಲ್ಲಿಟ್ಟರು. ಅಲ್ಲಿ ಹದಿನಾಲ್ಕು ಮಂದಿ ಸರ್ಕಾರೀ ದುಭಾಷಿಗಳು ಅವನ ಬಳಿಗೆ ಬಂದು ಇಂಗ್ಲಿಷ್ ಕಲಿತರು. ಅವನು ಅವರಿಗೆ ಇಂಗ್ಲಿಷ್ ಓದುವುದನ್ನು ಹೇಳಿಕೊಟ್ಟನು. ಅವರಿಂದ ಜಪಾನೀ ಶಬ್ದಗಳನ್ನು ಕೇಳಿ ತಿಳಿದು ಬರೆದುಕೊಂಡನು. ಆ ಶಿಷ್ಯರಲ್ಲಿ ಒಬ್ಬನಾದ ಮೊರಿಯಾಮ ಏನೊಸುಕೆ ಎಂಬಾತನು 1854ರಲ್ಲಿ ಅಮೆರಿಕದ ನೌಕಾಧಿಪತಿ ಪೆರಿಯೊಡನೆ ನಡೆದ ಸಂಧಾನದಲ್ಲಿ ದುಭಾಷಿಯಾಗಿದ್ದನು. ಸೆರೆಯಲ್ಲಿದ್ದ ಗುರು, ಸೆರೆಮನೆಗೆ ಬಂದು ಕಲಿತ ಶಿಷ್ಯರು, ಇಬ್ಬರೂ ಪರಸ್ಪರರಿಂದ ಪಡೆದ ವಿದ್ಯೆ: ಜಪಾನಿನಲ್ಲಿ ಇಂಗ್ಲಿಷನ್ನು ಹುಟ್ಟಿನಿಂದ ಆಡುವವರ ಬೋಧನೆಯ ಕಥೆ ಆರಂಭವಾಗುವುದು ಹೀಗೆ.

ಬಾಗಿಲು ತೆರೆದ ಮೇಲೆ ಪರದೇಶದ ಗುರುಗಳು ಅನೇಕರು ಬಂದರು. ಗ್ರೀಸಿನಲ್ಲಿ ಹುಟ್ಟಿ ಐರ್ಲೆಂಡಿನಲ್ಲಿ ಬೆಳೆದ ಲಾಫ್ಕಾಡಿಯೊ ಹರ್ನ್ ಎಂಬ ಲೇಖಕನು 1890ರಲ್ಲಿ ಮತ್ಸುಎ ಎಂಬ ಊರಿನ ಶಾಲೆಯಲ್ಲಿ ಇಂಗ್ಲಿಷ್ ಉಪಾಧ್ಯಾಯನಾದನು. ಅಲ್ಲಿಯ ಶಾಲೆಯ ದಿನಗಳನ್ನೂ ವಿದ್ಯಾರ್ಥಿಗಳ ಪ್ರಬಂಧಗಳನ್ನೂ ಕುರಿತು ಅವನು ಬರೆದ ದಿನಚರಿಯ ಭಾಗಗಳು 1894ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಸೇರಿವೆ. ಮುಂದೆ ಅವನು ಕೊಯಿಜುಮಿ ಯಾಕುಮೊ ಎಂಬ ಹೆಸರನ್ನು ಧರಿಸಿ ಜಪಾನಿನ ಪ್ರಜೆಯೇ ಆದನು. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜಪಾನ್ ಸರ್ಕಾರ ಈ ಕಾರ್ಯವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡಿತು. 1987ರಲ್ಲಿ ಆರಂಭವಾದ ವಿನಿಮಯ ಯೋಜನೆಯಲ್ಲಿ ಮೊದಲ ವರ್ಷ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳಿಂದ 848 ಮಂದಿ ಬಂದರು. ಅನಂತರ ಈ ಸಂಖ್ಯೆ ಐದು ಸಾವಿರವನ್ನೂ ದಾಟಿತು. ಹೀಗೆ ಬಂದವರಲ್ಲಿ ಬಹುಪಾಲಿನವರಿಗೆ ‘ಸಹಾಯಕ ಭಾಷಾ ಬೋಧಕರು’ ಎಂಬ ಹೆಸರು.

ಅಂತಹ ಒಬ್ಬ ಬೋಧಕರು ಕಿರಿಯ ಪ್ರೌಢಶಾಲೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾರೆ ಎಂದು ಭಾವಿಸೋಣ. ಹನ್ನೆರಡರಿಂದ ಹದಿನೈದು ವರ್ಷದ ಮಕ್ಕಳು ಓದುವ ಶಾಲೆ ಅದು. ಬೆಳಿಗ್ಗೆ ಎಂಟು ಗಂಟೆಯ ವೇಳೆಗೆ ಅವರು ಸೈಕಲ್ಲಿನ ಮೇಲೆ ಶಾಲೆಗೆ ಬರುತ್ತಾರೆ. ಶಾಲೆಯ ಹೊಸ್ತಿಲಿನ ಬಳಿ ಪಾದರಕ್ಷೆಗಳನ್ನಿಡುವ ಗೂಡುಗಳ ಸಾಲು. ಬೀದಿಯಲ್ಲಿ ತೊಟ್ಟ ಬೂಡ್ಸುಗಳನ್ನು ಅಲ್ಲಿಯೇ ಬಿಟ್ಟು, ಒಳಗೆ ನಡೆಯಲೆಂದೇ ಇರುವ ಬೇರೆ ಪಾದರಕ್ಷೆಗಳನ್ನು ಧರಿಸಬೇಕು. ಮುಖ್ಯೋಪಾಧ್ಯಾಯರಿಗೂ ಮೊದಲ ತರಗತಿಯ ಬಾಲಕನಿಗೂ ಇದೇ ನಿಯಮ. ಎದುರಾದವರಿಗೆಲ್ಲ ತಲೆಬಾಗಿ ಬೆಳಗಿನ ವಂದನೆ ಹೇಳುತ್ತ ಅವರು ಉಪಾಧ್ಯಾಯರ ಕೊಠಡಿಯನ್ನು ಪ್ರವೇಶಿಸುತ್ತಾರೆ.

ಈ ಕೊಠಡಿ ಒಂದು ದೊಡ್ಡ ಹಜಾರ. ಉಪಾಧ್ಯಾಯರೆಲ್ಲರ ಮೇಜುಗಳೂ ಇಲ್ಲಿಯೇ ಎದುರುಬದುರಾಗಿ ಸೇರಿಕೊಂಡಿರುತ್ತವೆ. ಎಲ್ಲರೂ ಕಾಣುವಂತೆ ಉಪಮುಖ್ಯೋಪಾಧ್ಯಾಯರು ಮುಂದುಗಡೆ ಕುಳಿತಿರುತ್ತಾರೆ. ಬೆಳಗಿನ ಸಭೆ ಕೆಲವೇ ನಿಮಿಷಗಳದು. ಎಲ್ಲರೂ ಎದ್ದು ನಿಂತು ವಂದಿಸುತ್ತಾರೆ. ಆ ದಿನದ ಕಾರ್ಯಕ್ರಮ, ಬಾರದಿರುವ ಮಕ್ಕಳು, ಬದಲಾದ ವೇಳಾಪಟ್ಟಿ ಮುಂತಾದ ವಿಷಯಗಳು ಜಪಾನೀ ಭಾಷೆಯಲ್ಲಿ ವೇಗವಾಗಿ ಪ್ರಕಟವಾಗುತ್ತವೆ. ಪರದೇಶದ ಬೋಧಕರಿಗೆ ಅದರಲ್ಲಿ ಅಲ್ಲೊಂದು ಇಲ್ಲೊಂದು ಮಾತು ಮಾತ್ರ ತಿಳಿಯುತ್ತದೆ. ಪಕ್ಕದಲ್ಲಿ ಕುಳಿತ ಇಂಗ್ಲಿಷ್ ಉಪಾಧ್ಯಾಯರು ಮೆಲುದನಿಯಲ್ಲಿ ಮುಖ್ಯಾಂಶವನ್ನು ಹೇಳಿದರೆ ಉಂಟು, ಇಲ್ಲವಾದರೆ ಇಲ್ಲ. ಭಾಷೆ ಕಲಿಸಲು ಬಂದವರು ದಿನದ ಮೊದಲ ಗಳಿಗೆಯಲ್ಲಿಯೇ ಭಾಷೆ ಬಾರದ ವಿದ್ಯಾರ್ಥಿಯ ಸ್ಥಿತಿಯನ್ನು ಅನುಭವಿಸುತ್ತಾರೆ. ಇದು ಅವಮಾನವಲ್ಲ. ತರಗತಿಯಲ್ಲಿ ಮಾತು ಹೊರಡದೆ ನಿಲ್ಲುವ ಮಗುವಿನ ಮನಸ್ಸನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ತರಬೇತಿ ಬೇರೊಂದಿಲ್ಲ.

ಪಾಠದ ಗಂಟೆ ಬಾರಿಸುತ್ತದೆ. ಅನೇಕ ಜಪಾನೀ ಶಾಲೆಗಳಲ್ಲಿ ಅದು ಲಂಡನ್ ನಗರದ ಪ್ರಸಿದ್ಧ ಗಡಿಯಾರ ಗೋಪುರದ ನಾದವನ್ನೇ ಹೋಲುತ್ತದೆ. ಉಪಾಧ್ಯಾಯರು ಕೊಠಡಿಗೆ ಬಂದೊಡನೆ ಆ ದಿನದ ಸರದಿಯ ವಿದ್ಯಾರ್ಥಿ ಎಲ್ಲರಿಗೂ ಏಳುವಂತೆ, ವಂದಿಸುವಂತೆ, ಕುಳಿತುಕೊಳ್ಳುವಂತೆ ಕೂಗಿ ಹೇಳುತ್ತಾನೆ. ಐವತ್ತು ನಿಮಿಷಗಳ ಪಾಠವನ್ನು ಇಬ್ಬರು ಸೇರಿ ನಡೆಸುತ್ತಾರೆ. ತರಗತಿಯ ಹೊಣೆ ಜಪಾನೀ ಉಪಾಧ್ಯಾಯರದು. ವ್ಯಾಕರಣವನ್ನೂ ಅರ್ಥವನ್ನೂ ಅವರು ವಿವರಿಸುತ್ತಾರೆ. ಪರದೇಶದ ಬೋಧಕರು ಪಾಠವನ್ನು ಓದಿ ಹೇಳುತ್ತಾರೆ, ಮಕ್ಕಳು ಒಟ್ಟಾಗಿ ಅನುಸರಿಸುತ್ತಾರೆ. ಅನಂತರ ಇಬ್ಬರೂ ಉಪಾಧ್ಯಾಯರು ಒಂದು ಸಣ್ಣ ಸಂಭಾಷಣೆಯನ್ನು ನಡೆಸಿ ತೋರಿಸುತ್ತಾರೆ. ಮಕ್ಕಳು ಜೋಡಿಯಾಗಿ ಅದನ್ನು ಅಭ್ಯಾಸ ಮಾಡುವಾಗ ಬೋಧಕರು ಸಾಲುಗಳ ನಡುವೆ ಸುತ್ತಾಡುತ್ತ ತಿದ್ದುತ್ತಾರೆ. ಕೆಲವು ವೇಳೆ ಶಬ್ದಗಳ ಆಟವೂ ಇರುತ್ತದೆ. ದಿನಕ್ಕೆ ಇಂತಹ ಮೂರು ನಾಲ್ಕು ಪಾಠಗಳು ನಡೆಯುತ್ತವೆ.

ಉಚ್ಚಾರದ ಕಷ್ಟ ಇಲ್ಲಿ ದೊಡ್ಡದು. ಇಂಗ್ಲಿಷಿನ ರಕಾರ ಲಕಾರಗಳೆರಡಕ್ಕೂ ಜಪಾನೀ ಭಾಷೆಯಲ್ಲಿ ಒಂದೇ ಧ್ವನಿಯಿದೆ. ಆದುದರಿಂದ ‘ರೈಟ್’ ಎಂಬುದಕ್ಕೂ ‘ಲೈಟ್’ ಎಂಬುದಕ್ಕೂ ಭೇದವನ್ನು ಕೇಳಿ ತಿಳಿಯುವುದೇ ಆ ಮಕ್ಕಳಿಗೆ ಪ್ರಯಾಸದ ಕೆಲಸ. ಜಪಾನೀ ಶಬ್ದಗಳು ಸಾಮಾನ್ಯವಾಗಿ ಸ್ವರದಿಂದ ಕೊನೆಗೊಳ್ಳುವುದರಿಂದ ‘ಮಿಲ್ಕ್’ ಅವರ ಬಾಯಲ್ಲಿ ‘ಮಿರುಕು’ ಆಗುತ್ತದೆ, ‘ಬಸ್’ ‘ಬಸು’ ಆಗುತ್ತದೆ. ಕನ್ನಡಿಗರು ಇದನ್ನು ಕಂಡು ನಗುವಂತಿಲ್ಲ. ‘ಬಸ್ಸು’, ‘ಕಾರು’, ‘ಬ್ಯಾಂಕು’ ಎಂದು ಉಕಾರವನ್ನು ಸೇರಿಸಿಕೊಂಡು ಇಂಗ್ಲಿಷ್ ಶಬ್ದಗಳನ್ನು ಒಗ್ಗಿಸಿಕೊಂಡಿರುವುದು ಕನ್ನಡವೂ ಹೌದು. ವಾಕ್ಯರಚನೆಯಲ್ಲಿಯೂ ಈ ಎರಡು ಭಾಷೆಗಳಿಗೆ ಹೋಲಿಕೆಯುಂಟು. ‘ರಾಮನು ಹಣ್ಣನ್ನು ತಿಂದನು’ ಎಂಬಲ್ಲಿ ಕ್ರಿಯಾಪದವು ಕೊನೆಗೆ ಬರುವಂತೆಯೇ ಜಪಾನೀ ಭಾಷೆಯಲ್ಲಿಯೂ ಬರುತ್ತದೆ. ಇಂಗ್ಲಿಷಿನಲ್ಲಿ ಅದು ನಡುವೆ ಬರುತ್ತದೆ. ಇಂಗ್ಲಿಷಿನಲ್ಲಿ ನಾಮಪದಕ್ಕೆ ಮುಂಚೆ ಬರುವ ಅನೇಕ ಸಂಬಂಧಸೂಚಕಗಳು ಈ ಎರಡು ಭಾಷೆಗಳಲ್ಲಿಯೂ ನಾಮಪದದ ಅನಂತರ ಬರುತ್ತವೆ. ಜಪಾನಿನ ಬಾಲಕನು ಇಂಗ್ಲಿಷ್ ವಾಕ್ಯವನ್ನು ಕಟ್ಟುವಾಗ ಪಡುವ ಪಾಡು ಕನ್ನಡ ನಾಡಿನ ಬಾಲಕನಿಗೆ ಅಪರಿಚಿತವಾದುದಲ್ಲ.

ಆದರೆ ಧ್ವನಿಗಿಂತಲೂ ದೊಡ್ಡ ತೊಡಕು ಮೌನ. ಬೋಧಕರು ಪ್ರಶ್ನೆ ಕೇಳಿದಾಗ ತರಗತಿ ಸುಮ್ಮನಾಗುತ್ತದೆ. ಹೆಸರು ಹಿಡಿದು ಕರೆದರೆ ವಿದ್ಯಾರ್ಥಿ ಎದ್ದು ನಿಂತು, ಪಕ್ಕದವನ ಕಡೆಗೆ ತಿರುಗಿ, ಅವನೊಡನೆ ಪಿಸುಗುಟ್ಟಿ, ಉತ್ತರ ಸರಿಯೆಂದು ನಿಶ್ಚಯವಾದ ಮೇಲಷ್ಟೇ ಬಾಯಿ ತೆರೆಯುತ್ತಾನೆ. ಮಕ್ಕಳಿಗೆ ತಿಳಿಯದೆಂದಲ್ಲ, ತಪ್ಪಾದೀತೆಂಬ ಸಂಕೋಚ. ಹೊಸದಾಗಿ ಬಂದ ಬೋಧಕರು ಈ ಮೌನವನ್ನು ಉದಾಸೀನವೆಂದು ಭಾವಿಸಿ ಮನನೊಂದುಕೊಳ್ಳುವುದುಂಟು. ಈ ಮೌನಕ್ಕೆ ಪರೀಕ್ಷೆಯೂ ಒಂದು ಕಾರಣ. ಜಪಾನಿನಲ್ಲಿ ಕಡ್ಡಾಯ ಶಿಕ್ಷಣ ಒಂಬತ್ತು ವರ್ಷಗಳದು. ಆಮೇಲೆ ಪ್ರೌಢಶಾಲೆಯನ್ನು ಸೇರಲು ಪ್ರವೇಶ ಪರೀಕ್ಷೆ, ವಿಶ್ವವಿದ್ಯಾಲಯವನ್ನು ಸೇರಲು ಮತ್ತೊಂದು ಪರೀಕ್ಷೆ. ಓದಿ ಅರ್ಥ ಮಾಡಿಕೊಳ್ಳುವುದಕ್ಕೂ ವ್ಯಾಕರಣಕ್ಕೂ ಈ ಪರೀಕ್ಷೆಗಳಲ್ಲಿ ಬಹುಕಾಲದಿಂದ ಹೆಚ್ಚಿನ ಮಹತ್ತ್ವ. ವಿಶ್ವವಿದ್ಯಾಲಯ ಪ್ರವೇಶಕ್ಕಾಗಿ ದೇಶಾದ್ಯಂತ ನಡೆಯುವ ಪರೀಕ್ಷೆಯಲ್ಲಿ ಇಂಗ್ಲಿಷನ್ನು ಕೇಳಿ ಉತ್ತರಿಸುವ ಭಾಗ ಸೇರಿದ್ದು 2006ರಲ್ಲಿ. ಟೋಕಿಯೊ ಮಹಾನಗರದ ಕಿರಿಯ ಪ್ರೌಢಶಾಲೆಗಳ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಮಾತಿನ ಪರೀಕ್ಷೆ ಬಂದದ್ದು 2022ರಲ್ಲಿ. ಪರೀಕ್ಷೆಯಲ್ಲಿ ಕೇಳದಿರುವುದನ್ನು ಕಲಿಯಲು ವಿದ್ಯಾರ್ಥಿ ಹಿಂಜರಿದರೆ ಅವನೊಬ್ಬನನ್ನೇ ದೂಷಿಸುವುದು ನ್ಯಾಯವಲ್ಲ.

ಮಧ್ಯಾಹ್ನದ ಊಟದ ವೇಳೆ ಈ ಮೌನ ಕರಗುವ ವೇಳೆ. ಜಪಾನಿನಲ್ಲಿ ಶಾಲೆಯ ಊಟಕ್ಕೆ 1954ರಿಂದ ಪ್ರತ್ಯೇಕ ಕಾನೂನೇ ಇದೆ. ಅಲ್ಲಿ ಊಟ ಎಂಬುದು ಪಾಠದ ನಡುವಣ ಬಿಡುವಲ್ಲ. ಅದೂ ಶಿಕ್ಷಣದ ಒಂದು ಭಾಗವೆಂಬ ಭಾವನೆ. ಸರದಿಯ ಮಕ್ಕಳು ಬಿಳಿಯ ನಿಲುವಂಗಿ, ಟೋಪಿ, ಮುಖವಸ್ತ್ರಗಳನ್ನು ಧರಿಸಿ ಅನ್ನ, ಸಾರು, ಪಲ್ಯ, ಮೀನು ಮುಂತಾದುವನ್ನು ತರಗತಿಗೆ ತಂದು ಎಲ್ಲರಿಗೂ ಬಡಿಸುತ್ತಾರೆ. ಜೊತೆಗೆ ಒಂದು ಸಣ್ಣ ಬಾಟಲಿ ಅಥವಾ ಪೊಟ್ಟಣ ಹಾಲು. ಉಪಾಧ್ಯಾಯರೂ ಮಕ್ಕಳೂ ಒಂದೇ ಕೊಠಡಿಯಲ್ಲಿ ಒಂದೇ ಊಟವನ್ನು ಉಣ್ಣುತ್ತಾರೆ. ‘ಇತದಕಿಮಸು’ ಎಂದು ಕೈಮುಗಿದ ಮೇಲೆಯೇ ಮೊದಲ ತುತ್ತು. ವಿನಯದಿಂದ ಸ್ವೀಕರಿಸುತ್ತೇನೆ ಎಂಬುದು ಈ ಮಾತಿನ ಭಾವ.

ಪರದೇಶದ ಬೋಧಕರು ದಿನಕ್ಕೊಂದು ಗುಂಪಿನೊಡನೆ ಕುಳಿತು ಉಣ್ಣುತ್ತಾರೆ. ಕಡ್ಡಿಗಳನ್ನು ಹಿಡಿದು ಉಣ್ಣುವುದರಲ್ಲಿ ಅವರು ತಡವರಿಸಿದರೆ ಮಕ್ಕಳು ನಗುತ್ತಾರೆ, ಅವರೂ ನಗುತ್ತಾರೆ. ಹುದುಗಿಸಿದ ಸೋಯಾ ಕಾಳಿನ ತಿನಿಸನ್ನು ತಿನ್ನಬಲ್ಲರೋ ಇಲ್ಲವೋ ಎಂದು ಪರೀಕ್ಷಿಸುವ ಕುತೂಹಲ ಪ್ರತಿಯೊಬ್ಬರಿಗೂ ಇರುತ್ತದೆ. ಬೆಳಗಿನ ಪಾಠದಲ್ಲಿ ತುಟಿ ಎರಡು ಮಾಡದಿದ್ದ ಹುಡುಗನು ಈಗ ಮೂರು ನಾಲ್ಕು ಇಂಗ್ಲಿಷ್ ಶಬ್ದಗಳನ್ನು ಕೂಡಿಸಿಕೊಂಡು, ಉಳಿದುದನ್ನು ಕೈಸನ್ನೆಯಿಂದ ತುಂಬಿಕೊಂಡು ಬೇಸ್‌ಬಾಲ್ ಆಟದ ವಿಷಯ ಕೇಳುತ್ತಾನೆ. ಅವನ ವಾಕ್ಯದಲ್ಲಿ ಕ್ರಿಯಾಪದವಿರುವುದಿಲ್ಲ, ಕಾಲ ತಪ್ಪಿರುತ್ತದೆ. ಆದರೂ ಪ್ರಶ್ನೆ ತಲುಪುತ್ತದೆ, ಉತ್ತರ ಬರುತ್ತದೆ. ತಾನು ಆಡಿದ ಮಾತು ಮತ್ತೊಬ್ಬರಿಗೆ ತಿಳಿಯಿತೆಂಬ ಸಂತೋಷವನ್ನು ಅವನು ಬಹುಶಃ ಮೊದಲ ಸಲ ಅನುಭವಿಸಿರುತ್ತಾನೆ. ಅಂದಿನ ನಾಲ್ಕು ಪಾಠಗಳಲ್ಲಿ ಆಗದಿದ್ದ ಕೆಲಸ ಒಂದು ಬಟ್ಟಲು ಅನ್ನದ ಮುಂದೆ ಆಗುತ್ತದೆ.

ಊಟದ ವೇಳೆ ಮುಗಿದ ಮೇಲೆ, ಕೆಲವು ಶಾಲೆಗಳಲ್ಲಿ ಪಾಠಗಳೆಲ್ಲ ಮುಗಿದ ಮೇಲೆ, ಗುಡಿಸುವ ಸಮಯ. ಕೊಠಡಿ, ಮೊಗಸಾಲೆ, ಮೆಟ್ಟಿಲು, ಶೌಚಾಲಯಗಳನ್ನು ಮಕ್ಕಳೇ ಶುಚಿಗೊಳಿಸುತ್ತಾರೆ. ಒದ್ದೆಯ ಬಟ್ಟೆಯನ್ನು ಎರಡು ಕೈಗಳಿಂದ ನೆಲಕ್ಕೆ ಒತ್ತಿಕೊಂಡು ಮೊಗಸಾಲೆಯ ಉದ್ದಕ್ಕೂ ಬಾಗಿ ಓಡುವ ಮಕ್ಕಳ ಸಾಲು ನೋಡತಕ್ಕ ದೃಶ್ಯ. ಉಪಾಧ್ಯಾಯರೂ ಅವರೊಡನೆ ಕೈಗೂಡಿಸುತ್ತಾರೆ. ಪರದೇಶದ ಬೋಧಕರು ಬೇಕಾದರೆ ಆ ಹೊತ್ತಿನಲ್ಲಿ ತಮ್ಮ ಮೇಜಿನ ಬಳಿ ಕುಳಿತಿರಬಹುದು. ಅತಿಥಿಯೆಂದು ಯಾರೂ ಆಕ್ಷೇಪಿಸಲಾರರು. ಆದರೆ ಪೊರಕೆಯನ್ನು ಹಿಡಿದ ದಿನದಿಂದ ಅವರು ಅತಿಥಿಗಳಾಗಿ ಉಳಿಯುವುದಿಲ್ಲ. ಪೊರಕೆ, ಬಕೆಟ್ಟು, ಧೂಳು, ಕಿಟಕಿ ಎಂಬ ಶಬ್ದಗಳನ್ನು ಮಕ್ಕಳು ಅವರಿಗೆ ಜಪಾನೀ ಭಾಷೆಯಲ್ಲಿ ಹೇಳಿಕೊಡುತ್ತಾರೆ. ಅವರು ಅದೇ ವಸ್ತುಗಳ ಇಂಗ್ಲಿಷ್ ಹೆಸರನ್ನು ಹೇಳುತ್ತಾರೆ. ನಾಗಸಾಕಿಯ ಸೆರೆಯಲ್ಲಿ ನಡೆದ ವಿನಿಮಯ ಇಲ್ಲಿಯೂ ನಡೆಯುತ್ತದೆ.

ಮಧ್ಯಾಹ್ನದ ಪಾಠಗಳ ಅನಂತರವೂ ಕೆಲಸ ಉಳಿದಿರುತ್ತದೆ. ಮಕ್ಕಳು ಇಂಗ್ಲಿಷಿನಲ್ಲಿ ಬರೆದ ಬರಹಗಳನ್ನು ತಿದ್ದಬೇಕು, ಭಾಷಣ ಸ್ಪರ್ಧೆಗೆ ನಿಂತವರಿಗೆ ಅಭ್ಯಾಸ ಮಾಡಿಸಬೇಕು, ಮರುದಿನದ ಪಾಠಕ್ಕೆ ಚಿತ್ರಗಳನ್ನೂ ಚೀಟಿಗಳನ್ನೂ ಸಿದ್ಧಪಡಿಸಬೇಕು. ಹೊರಗೆ ಮೈದಾನದಲ್ಲಿ ಆಟದ ತಂಡಗಳು, ಒಳಗೆ ವಾದ್ಯವೃಂದ, ಕೆಂಡೊ ಎಂಬ ಕತ್ತಿವರಸೆ ಮುಂತಾದ ಸಂಘಗಳ ಅಭ್ಯಾಸ ನಡೆದಿರುತ್ತದೆ. ಆಸಕ್ತಿಯುಳ್ಳ ಬೋಧಕರು ಅಲ್ಲಿಗೂ ಹೋಗಿ ಮಕ್ಕಳೊಡನೆ ಬೆವರು ಸುರಿಸುತ್ತಾರೆ. ಮಕ್ಕಳು ಅವರನ್ನು ಹೆಸರಿನೊಡನೆ ‘ಸೆನ್‌ಸೇ’ ಎಂಬ ಶಬ್ದವನ್ನು ಸೇರಿಸಿ ಕರೆಯುತ್ತಾರೆ. ಮೊದಲು ಹುಟ್ಟಿದವರು ಎಂಬುದು ಈ ಗೌರವಸೂಚಕ ಶಬ್ದದ ಅಕ್ಷರಾರ್ಥ. ಕಾಲೇಜನ್ನು ಆಗತಾನೆ ಮುಗಿಸಿ ಬಂದ ಇಪ್ಪತ್ತೆರಡರ ತರುಣನಿಗೂ ಈ ಹೆಸರು ಸಲ್ಲುತ್ತದೆ. ಅದಕ್ಕೆ ತಕ್ಕಂತೆ ನಡೆಯುವುದು ಅವನ ಹೊಣೆ.

ನಿಗದಿಯಾದ ವೇಳೆ ಮುಗಿದಾಗ ಬೋಧಕರು ಎದ್ದು ನಿಂತು, ‘ನಿಮಗಿಂತ ಮೊದಲು ಹೊರಡುತ್ತಿದ್ದೇನೆ, ಕ್ಷಮಿಸಬೇಕು’ ಎಂಬರ್ಥದ ಮಾತನ್ನು ಜಪಾನೀ ಭಾಷೆಯಲ್ಲಿ ಹೇಳಿ ಹೊರಡುತ್ತಾರೆ. ಈ ಕ್ಷಮೆ ಬರಿಯ ಶಿಷ್ಟಾಚಾರದ ಮಾತಲ್ಲ. ಅವರ ಕರಾರಿನ ಕೆಲಸ ಸಾಮಾನ್ಯವಾಗಿ ವಾರಕ್ಕೆ 35 ಗಂಟೆ. ಜಪಾನೀ ಉಪಾಧ್ಯಾಯರಾದರೋ ಇನ್ನೂ ಕುಳಿತೇ ಇರುತ್ತಾರೆ. 2018ರಲ್ಲಿ ಅನೇಕ ದೇಶಗಳಲ್ಲಿ ನಡೆದ ಒಂದು ಅಂತರರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಜಪಾನಿನ ಕಿರಿಯ ಪ್ರೌಢಶಾಲೆಯ ಉಪಾಧ್ಯಾಯರು ವಾರಕ್ಕೆ ಸುಮಾರು 56 ಗಂಟೆಗಳ ಕಾಲ ದುಡಿಯುತ್ತಿದ್ದರು. ಸಮೀಕ್ಷೆಗೆ ಒಳಪಟ್ಟ ದೇಶಗಳಲ್ಲೆಲ್ಲ ಅದೇ ಅತ್ಯಧಿಕ. ಇಬ್ಬರೂ ಕೂಡಿ ಪಾಠ ನಡೆಸಬೇಕೆಂಬುದು ನಿಯಮ. ಕೂಡಿ ಕುಳಿತು ಯೋಚಿಸುವುದಕ್ಕೆ ಒಬ್ಬರಿಗೆ ಬಿಡುವಿಲ್ಲ.

ಈ ಪದ್ಧತಿಯ ದೋಷ ಕಾಣಬರುವುದು ಇಲ್ಲಿಯೇ. ಮುಂಚಿತವಾಗಿ ಮಾತುಕತೆಯಿಲ್ಲದೆ ತರಗತಿಗೆ ಹೋದಾಗ ಪರದೇಶದ ಬೋಧಕರು ಮೂಲೆಯಲ್ಲಿ ನಿಂತು, ಕೇಳಿದಾಗ ಓದಿ, ಉಳಿದ ಹೊತ್ತಿನಲ್ಲಿ ಸುಮ್ಮನಿರಬೇಕಾಗುತ್ತದೆ. ಮಾತನಾಡುವ ಮನುಷ್ಯ ಮಾತಿನ ಯಂತ್ರವಾಗುತ್ತಾನೆ. ಪಾಠಗಳಿಲ್ಲದ ರಜೆಯ ದಿನಗಳಲ್ಲಿಯೂ ಕೆಲವರು ಖಾಲಿ ಶಾಲೆಯ ಮೇಜಿನ ಮುಂದೆ ಹೊತ್ತು ಕಳೆಯಬೇಕಾಗುತ್ತದೆ. ಸರ್ಕಾರದ ಯೋಜನೆಯಲ್ಲಿ ಬಂದವರಿಗೆ ವರ್ಷ ವರ್ಷಕ್ಕೂ ಹೊಸ ಕರಾರು, ಹೆಚ್ಚೆಂದರೆ ಐದು ವರ್ಷಗಳ ಸೇವೆ. ಖಾಸಗಿ ಸಂಸ್ಥೆಗಳ ಮೂಲಕ ಬಂದವರ ನೆಲೆ ಇನ್ನೂ ಅಭದ್ರ. ಅನೇಕರು ವಾರದಲ್ಲಿ ಹಲವು ಶಾಲೆಗಳನ್ನು ಸುತ್ತಬೇಕು. ಮಕ್ಕಳ ಹೆಸರುಗಳು ಬಾಯಿಗೆ ಬರುವ ವೇಳೆಗೆ ಅವರನ್ನು ಬಿಟ್ಟು ಹೋಗುವ ಕಾಲ ಬರುತ್ತದೆ. ತಪ್ಪು ಒಂದೇ ಕಡೆಯದಲ್ಲ. ಪ್ರವಾಸಿಗಳಂತೆ ಬಂದು, ಮಕ್ಕಳ ಭಾಷೆಯ ನಾಲ್ಕು ಮಾತನ್ನೂ ಕಲಿಯದೆ ಹಿಂದಿರುಗುವ ಬೋಧಕರೂ ಉಂಟು.

ಇದನ್ನೆಲ್ಲ ಕಂಡವರು ಪರದೇಶದ ಬೋಧಕರು ಬೇಕಾಗಿಯೇ ಇಲ್ಲವೆಂದು ವಾದಿಸಬಹುದು. ಅವರ ವಾದದಲ್ಲಿ ಸತ್ಯಾಂಶವೂ ಇದೆ. ಇಂಗ್ಲಿಷನ್ನು ತಾವೂ ಕಷ್ಟಪಟ್ಟು ಕಲಿತ ಜಪಾನೀ ಉಪಾಧ್ಯಾಯರಿಗೆ ಮಕ್ಕಳು ಎಲ್ಲಿ ಎಡವುತ್ತಾರೆಂಬುದು ಚೆನ್ನಾಗಿ ಗೊತ್ತು. ಹುಟ್ಟುನುಡಿಯಾಗಿ ಪಡೆದವರಿಗೆ ಅದು ಗೊತ್ತಿರುವುದು ಅಪರೂಪ. ಮಾತೃಭಾಷೆಯನ್ನು ಆಡಬಲ್ಲವರೆಲ್ಲರೂ ಅದನ್ನು ಕಲಿಸಬಲ್ಲರೆಂಬುದು ದೊಡ್ಡ ಭ್ರಮೆ. ಈಜು ಬಲ್ಲವರೆಲ್ಲ ಈಜು ಕಲಿಸಲಾರರು. ಆದರೆ ಜಪಾನೀ ಉಪಾಧ್ಯಾಯರು ಎಷ್ಟೇ ಸಮರ್ಥರಾದರೂ ಅವರು ಒದಗಿಸಲಾರದ ಒಂದು ವಸ್ತುವಿದೆ. ತಮ್ಮ ಉಪಾಧ್ಯಾಯರಿಗೆ ಜಪಾನೀ ಭಾಷೆ ಬರುತ್ತದೆಂದು ಮಕ್ಕಳಿಗೆ ಗೊತ್ತು. ಅವರೊಡನೆ ಇಂಗ್ಲಿಷಿನಲ್ಲಿ ಆಡುವ ಮಾತು ಅಭ್ಯಾಸದ ಮಾತು ಮಾತ್ರ. ಪರದೇಶದವರೊಡನೆ ಆಡುವ ಮಾತಿಗೆ ಅಗತ್ಯವಿದೆ. ಅದು ತಲುಪದಿದ್ದರೆ ಕೆಲಸ ಕೆಡುತ್ತದೆ, ತಲುಪಿದರೆ ಸ್ನೇಹ ಬೆಳೆಯುತ್ತದೆ. ಭಾಷೆ ಜೀವಂತವಾಗುವುದು ಅಂತಹ ಅಗತ್ಯದಲ್ಲಿ.

ಆದುದರಿಂದ ಪರದೇಶದ ಬೋಧಕರನ್ನು ಬರಮಾಡಿಕೊಂಡ ಮಾತ್ರದಿಂದಲೇ ಭಾಷೆ ಬಾರದೆಂಬುದೂ, ಅವರನ್ನು ಶಾಲೆಯ ಬಾಳಿನಲ್ಲಿ ಸೇರಿಸಿಕೊಂಡರೆ ಮಾತ್ರ ಅವರ ಬರವು ಸಾರ್ಥಕವೆಂಬುದೂ ಸ್ಪಷ್ಟವಾಗುತ್ತದೆ. ಇಬ್ಬರು ಉಪಾಧ್ಯಾಯರಿಗೂ ಕೂಡಿ ಪಾಠ ಯೋಜಿಸಲು ವಾರದ ವೇಳಾಪಟ್ಟಿಯಲ್ಲಿಯೇ ಅವಕಾಶವಿರಬೇಕು. ಒಂದು ಶಾಲೆಯ ಮಕ್ಕಳನ್ನು ಅವರ ಮೂರು ವರ್ಷಗಳ ಓದು ಮುಗಿಯುವವರೆಗಾದರೂ ಬಲ್ಲಂತಹ ನೆಲೆ ಬೋಧಕರಿಗೆ ದೊರೆಯಬೇಕು. ಬೋಧಕರೂ ತಮ್ಮ ಪಾಲಿನ ಕರ್ತವ್ಯವಾಗಿ ಆ ನಾಡಿನ ಭಾಷೆಯನ್ನು ಕಲಿಯಲು ತೊಡಗಬೇಕು. ಮಕ್ಕಳ ಮುಂದೆ ತಡವರಿಸುತ್ತ ಜಪಾನೀ ಮಾತನಾಡುವ ಗುರುವನ್ನು ಕಂಡಾಗ, ತಪ್ಪು ಮಾಡುವುದು ನಾಚಿಕೆಯ ವಿಷಯವಲ್ಲವೆಂಬುದು ಮಕ್ಕಳಿಗೆ ಉಪದೇಶವಿಲ್ಲದೆಯೇ ಮನದಟ್ಟಾಗುತ್ತದೆ.

ಈ ಮಾತು ಜಪಾನಿಗೆ ಮಾತ್ರ ಅನ್ವಯಿಸುವುದಲ್ಲ. ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಲು ಎದ್ದು ನಿಂತು, ತಪ್ಪಾದೀತೆಂದು ಹೆದರಿ ಕುಳಿತುಬಿಡುವ ವಿದ್ಯಾರ್ಥಿಗಳು ಕನ್ನಡ ನಾಡಿನ ಶಾಲೆಗಳಲ್ಲಿಯೂ ಇದ್ದಾರೆ. ಅವರ ತರಗತಿಗೆ ಪರದೇಶದ ಬೋಧಕರು ಬಾರದಿರಬಹುದು. ಆದರೆ ಪಕ್ಕದ ಬೆಂಚಿನ ಗೆಳೆಯನಿದ್ದಾನೆ, ಕಲಿಸುವ ಉಪಾಧ್ಯಾಯರಿದ್ದಾರೆ. ಊಟದ ಹೊತ್ತಿನಲ್ಲಿ ಕ್ರಿಯಾಪದವಿಲ್ಲದ ವಾಕ್ಯವನ್ನು ಧೈರ್ಯದಿಂದ ಆಡಿದ ಆ ಜಪಾನೀ ಹುಡುಗನು ಮರುದಿನ ಇನ್ನೊಂದು ವಾಕ್ಯವನ್ನು ಆಡುತ್ತಾನೆ. ಕೆಲವು ದಿನಗಳಲ್ಲಿ ಕ್ರಿಯಾಪದವೂ ತನ್ನ ಸ್ಥಾನಕ್ಕೆ ಬಂದು ಸೇರುತ್ತದೆ. ತಪ್ಪನ್ನು ಸಹಿಸಿ ತಿದ್ದುವ ಗುರುವೂ, ತಪ್ಪಿಗೆ ಅಂಜದೆ ಆಡುವ ಶಿಷ್ಯನೂ ಎಲ್ಲಿ ಎದುರುಬದುರಾಗಿ ಕುಳಿತರೂ ಅಲ್ಲಿ ಭಾಷೆಯ ಪಾಠ ಆರಂಭವಾಗುತ್ತದೆ.